ಸದ್ದು ತೆಗೆದು ಒಮ್ಮೆ ನೋಡಿ

ಧಾರಾವಾಹಿಗಳ ಎಡಿಟಿಂಗ್ ಕೋಣೆಯಲ್ಲಿ ವರ್ಷಗಟ್ಟಲೆ ಕೂತು, ಈಗ ಶಿವಮೊಗ್ಗದಲ್ಲಿ ಆಸಕ್ತರ ಜೊತೆ ಸಿನಿಮಾ ನೋಡುತ್ತ ಮಾತಾಡುತ್ತ ಇರುವವಳು ನಾನು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದವು: ನಾವು ನೋಡುತ್ತಿದ್ದೇವೋ, ಸುಮ್ಮನೆ ತೆರೆಯ ಮುಂದೆ ಕೂತಿದ್ದೇವೋ? ಕೆಲವು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆ ಸಂಜೆ ಆರೂವರೆಗೆ ಟಿವಿ ಮುಂದೆ ಕೂತರೆ ರಾತ್ರಿ ಹತ್ತಕ್ಕೇ ಏಳುವುದು. ಒಂದಾದ ಮೇಲೊಂದು ಧಾರಾವಾಹಿ. "ಎಲ್ಲ ಸುಳ್ಳು, ಯಾಕೆ ನೋಡ್ತೀರಿ" ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅವರು ಸ್ವಲ್ಪ ಯೋಚಿಸಿ ನೋಡುವಂತೆ ಮಾಡುವುದು ಹೇಗೆ?
— ಓದುಗರು, ರಾಣೆಬೆನ್ನೂರು

ಮೊದಲು "ಎಲ್ಲ ಸುಳ್ಳು" ಎನ್ನುವುದನ್ನು ನಿಲ್ಲಿಸಿ. ಅದು ಸುಳ್ಳೆಂದು ನಿಮ್ಮ ಅತ್ತೆಗೆ ನಿಮಗಿಂತ ಚೆನ್ನಾಗಿ ಗೊತ್ತು. ದೊಡ್ಡಾಟದಲ್ಲಿ ತೊಡೆ ತಟ್ಟಿದ ಕೌರವ ಮರುದಿನ ಹೊಲಕ್ಕೆ ಹೋಗುವ ತಮ್ಮೂರಿನವನೇ ಎಂದು ತಿಳಿದೂ ಬೆಳಗಿನವರೆಗೆ ಕೂತು ನೋಡಿದ ಜನ ಅವರು. ಕಥೆಯ ಸುಳ್ಳು ಅವರನ್ನು ಕಟ್ಟಿಹಾಕಿಲ್ಲ. ಬೇರೆ ಏನೋ ಕಟ್ಟಿಹಾಕಿದೆ, ಅದೇನು ಎಂದು ನೀವಿಬ್ಬರೂ ಸೇರಿ ಹುಡುಕಬೇಕು.

ಕೆಲವು ಸಂಜೆ ಅವರ ಪಕ್ಕ ಕೂತುಕೊಳ್ಳಿ. ಟಿವಿಗಿಂತ ಅವರ ಮಾತಿಗೆ ಕಿವಿ ಕೊಡಿ. "ಅಯ್ಯ, ಈ ಹುಡುಗಿ ಬಾಯಿಬಿಟ್ಟು ಹೇಳಬಾರದಾ?" ಎಂದು ಅವರು ಒಮ್ಮೆಯಾದರೂ ಅನ್ನುತ್ತಾರೆ. ಧಾರಾವಾಹಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ. ಆ ಹುಡುಗಿ ಬಾಯಿ ಬಿಟ್ಟರೆ ಮೂವತ್ತು ಕಂತಿನ ಕಥೆ ಅಲ್ಲಿಗೇ ಮುಗಿಯಿತು. ಅದಕ್ಕೇ ಅವಳು ಹೇಳಲು ಹೊರಟಾಗಲೆಲ್ಲ ಫೋನು ಬರುತ್ತದೆ, ಯಾರೋ ಮೂರ್ಛೆ ಹೋಗುತ್ತಾರೆ, ಬಾಗಿಲ ಸಂದಿಯಲ್ಲಿ ನಿಂತವರು ಅರ್ಧ ಮಾತು ಕೇಳಿಸಿಕೊಂಡು ಹೊರಟುಬಿಡುತ್ತಾರೆ. "ಯಾಕೆ ಹೇಳಬಾರದು?" ಎಂದು ಅತ್ತೆ ಕೇಳಿದಾಗ ನೀವು "ಹೇಳಿದ್ದರೆ ಏನಾಗ್ತಿತ್ತು?" ಎಂದು ಕೇಳಿ. ಆ ಮನೆಯಲ್ಲಿ ಹೆಣ್ಣುಮಗಳು ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯತನ ಎಂದು ಯಾರು ತೀರ್ಮಾನ ಮಾಡಿದರು ಎಂಬಲ್ಲಿಗೆ ಮಾತು ತಾನಾಗಿ ಹೋಗುತ್ತದೆ. ಆಗ ನೀವು ಸುಮ್ಮನಿರಿ. ಅವರಿಗೆ ಹೇಳಲು ಬಹಳ ಇರುತ್ತದೆ.

ನಾನು ಮಾಡುತ್ತಿದ್ದ ಕೆಲಸದ ಬಗ್ಗೆಯೂ ಹೇಳಬೇಕು. ನಿಯಮದ ಪ್ರಕಾರ ಒಂದು ಗಂಟೆಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರುವಂತಿಲ್ಲ: 10 ನಿಮಿಷ ವ್ಯಾಪಾರದ್ದು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರದ್ದು. ಅಂದರೆ ಅರ್ಧ ಗಂಟೆಯ ಕಂತಿಗೆ ಕಥೆ ಹೆಚ್ಚುಕಡಿಮೆ 22ರಿಂದ 24 ನಿಮಿಷ ಬೇಕು. ದಿನಕ್ಕೊಂದು ಕಂತು ಕೊಡುವ ಧಾರಾವಾಹಿಗೆ ಅಷ್ಟು ಕಥೆ ಎಲ್ಲಿಂದ ಬರಬೇಕು? ಬರೆದು ಶೂಟ್ ಮಾಡಿದ ದೃಶ್ಯ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ನಮಗೆ ನಾಲ್ಕು ಬೇಕಾಗಿರುತ್ತದೆ. ಆಗ ನೆರವಿಗೆ ಬರುವುದು ರಿಯಾಕ್ಷನ್ ಶಾಟ್. ಸೊಸೆ ಒಂದು ಮಾತು ಅಂದಳು. ಅತ್ತೆಯ ಮುಖ, ಮಾವನ ಮುಖ, ನಾದಿನಿಯ ಮುಖ, ಮೆಟ್ಟಿಲ ಮೇಲೆ ನಿಂತ ಮೈದುನನ ಮುಖ, ಮತ್ತೆ ಅತ್ತೆಯ ಮುಖ ಇನ್ನೂ ಹತ್ತಿರದಿಂದ. ಪ್ರತಿ ಮುಖಕ್ಕೂ ಒಂದೊಂದು ಸದ್ದು. ಅಲ್ಲಿ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲ, ಆದರೆ ಮನೆಯಲ್ಲಿ ಕೂತವರ ಎದೆ ಬಡಿತ ಹೆಚ್ಚಿರುತ್ತದೆ.

ಅಂಥ ಹೊತ್ತಿನಲ್ಲಿ ಎರಡೇ ನಿಮಿಷ ಸದ್ದು ತೆಗೆಯಿರಿ. ಜಗಳ ಮಾಡಿಕೊಂಡಲ್ಲ, "ಒಂದು ತಮಾಷೆ ನೋಡೋಣ" ಎಂದು ಅತ್ತೆಯನ್ನು ಕೇಳಿ. ಸದ್ದಿಲ್ಲದೆ ನೋಡಿದಾಗ ಆ ನಟಿ ಕೋಪಗೊಂಡ ಹಾಗೆ ಕಾಣುವುದೇ ಇಲ್ಲ, ಸುಮ್ಮನೆ ಒಂದು ಕಡೆ ನೋಡುತ್ತಿರುತ್ತಾಳೆ. ಕೋಪ ಇದ್ದದ್ದು ತಬಲಾ ಪೆಟ್ಟಿನಲ್ಲಿ, ವಯಲಿನ್ ಎಳೆತದಲ್ಲಿ. ನನ್ನ ಜೊತೆ ಹೀಗೆ ನೋಡಿದ ಹೆಂಗಸರು ಮುಂದಿನ ವಾರದಿಂದ "ಇದೀಗ ಬರುತ್ತೆ ನೋಡಿ ಡಂಯ್ ಅಂತ" ಎಂದು ಮೊದಲೇ ಹೇಳುತ್ತಿದ್ದರು. ಅವರು ಧಾರಾವಾಹಿ ನೋಡುವುದನ್ನು ಬಿಡಲಿಲ್ಲ. ಯಾವಾಗ ಅಳಿಸುತ್ತಾರೆ, ಹೇಗೆ ಅಳಿಸುತ್ತಾರೆ ಎನ್ನುವುದು ಮಾತ್ರ ತಿಳಿದುಹೋಗಿತ್ತು.

ಆಮೇಲೆ ಆ ಮನೆಯನ್ನು ನೋಡಿ. ಅಷ್ಟು ದೊಡ್ಡ ಬಂಗಲೆ, ರೇಷ್ಮೆ ಸೀರೆ ಉಟ್ಟೇ ಮಲಗುವ ಹೆಂಗಸರು. ಈ ಮನೆಯವರ ಕಸುಬೇನು? "ಕಂಪನಿ" ಅನ್ನುತ್ತಾರೆ. ಆ ಕಂಪನಿ ಏನು ತಯಾರಿಸುತ್ತದೆ, ಅಲ್ಲಿ ಕೂಲಿ ಎಷ್ಟು, ಅಡುಗೆ ಕೆಲಸದವಳ ಮನೆ ಎಲ್ಲಿದೆ, ಅವಳಿಗೆ ಮಕ್ಕಳಿದ್ದಾರಾ? ಪಕ್ಕದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಏನಾಯಿತು ಎಂದು ತಿಳಿದುಕೊಳ್ಳುವ ಊರಿನ ಹೆಣ್ಣುಮಗಳಿಗೆ ಈ ಪ್ರಶ್ನೆಗಳು ಕಷ್ಟವಲ್ಲ. ಯಾರೂ ಕೇಳಿಲ್ಲ, ಅಷ್ಟೇ.

ಟಿವಿ ಮುಂದೆ ಕೂತವರು ಜಡವಾಗಿರುತ್ತಾರೆ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. 2020ರಲ್ಲಿ ಅಂಬೇಡ್ಕರ್ ಬದುಕಿನ ಹಿಂದಿ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಜನ ತಾವೇ ದುಡ್ಡು ಹಾಕಿ ಅದರ ಬ್ಯಾನರ್ ಕಟ್ಟಿದರು. ತಮ್ಮ ಬದುಕಿಗೆ ತಾಗುವ ಕಥೆ ಬಂದಾಗ ನೋಡುಗರು ಎದ್ದು ಬೀದಿಗೆ ಬಂದರು. ನಿಮ್ಮ ಅತ್ತೆಯೂ ಅಂಥ ನೋಡುಗರೇ ಎಂದು ನಂಬಿ ಶುರುಮಾಡಿ.

ಪ್ರಶ್ನೆ: ನನಗೆ ಮಾಸ್ ಸಿನಿಮಾ ಇಷ್ಟ. ನಮ್ಮ ಕಾಲೇಜಿನ ಕೆಲವರು "ಕಲಾತ್ಮಕ ಸಿನಿಮಾ ನೋಡದವನಿಗೆ ಸಿನಿಮಾ ಗೊತ್ತಿಲ್ಲ" ಅನ್ನುತ್ತಾರೆ. ಒಂದನ್ನು ಮೊಬೈಲಿನಲ್ಲಿ ಹಾಕಿದೆ, ಇಪ್ಪತ್ತು ನಿಮಿಷಕ್ಕೆ ನಿದ್ದೆ ಬಂತು. ನಾನು ನೋಡಲೇಬೇಕಾ?
— ವಿದ್ಯಾರ್ಥಿ, ಮೈಸೂರು

ನೋಡಲೇಬೇಕು ಎಂದು ಯಾರೂ ಯಾರಿಗೂ ಹೇಳಬಾರದು. ಆದರೆ ಒಮ್ಮೆ ಸರಿಯಾದ ಜಾಗದಲ್ಲಿ, ಸರಿಯಾದ ಕ್ರಮದಲ್ಲಿ ನೋಡಿ ಎಂದು ನಾನು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ನಿಮಗೆ ಇಷ್ಟವಾದದ್ದರಿಂದಲೇ ಶುರುಮಾಡೋಣ. ಮುಂದಿನ ಸಲ ಹೀರೋ ಎಂಟ್ರಿ ಬಂದಾಗ ಕ್ರಮ ಗಮನಿಸಿ. ಮೊದಲು ಬೂಟು, ಆಮೇಲೆ ಕೈ, ಆಮೇಲೆ ಬೆನ್ನು, ಮುಖ ಕೊನೆಗೆ. ಕ್ಯಾಮೆರಾ ನೆಲದ ಹತ್ತಿರ ಇರುವುದರಿಂದ ಅವನು ಆಕಾಶಕ್ಕೆ ತಾಗಿದ ಹಾಗೆ ಕಾಣುತ್ತಾನೆ. ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುವುದನ್ನು ಇಲ್ಲಿ 48 ಅಥವಾ ಇನ್ನೂ ಹೆಚ್ಚು ತೆಗೆದು 24ರ ವೇಗದಲ್ಲೇ ತೋರಿಸುತ್ತಾರೆ, ಅದೇ ಸ್ಲೋ ಮೋಷನ್. ಇಷ್ಟೆಲ್ಲ ಗೊತ್ತಾದ ಮೇಲೂ ನಿಮಗೆ ಶಿಳ್ಳೆ ಹೊಡೆಯಬೇಕು ಅನ್ನಿಸುತ್ತದೆ, ಹೊಡೆಯಿರಿ. ಅದು ಒಳ್ಳೆಯ ಕೆಲಸಗಾರಿಕೆಗೆ ಸಲ್ಲಬೇಕಾದ ಶಿಳ್ಳೆ. ಅದರ ಜೊತೆಗೆ ಇನ್ನೊಂದನ್ನೂ ನೋಡಿ: ಆ ಫೈಟಿನಲ್ಲಿ ಹಾರಿ ಬೀಳುವ ಹದಿನೈದು ಜನರಲ್ಲಿ ಎಷ್ಟು ಮಂದಿಗೆ ಹೆಸರಿದೆ? ನಾಯಕಿಗೆ ಎಷ್ಟು ದೃಶ್ಯಗಳಲ್ಲಿ ತನ್ನದೇ ಆದ ಒಂದು ಕೆಲಸವಿದೆ? ಹೊಡೆತ ತಿಂದವನನ್ನು ನೋಡಿ ನಗುವಂತೆ ನಮ್ಮನ್ನು ಎಲ್ಲಿ ಕೂರಿಸಿದ್ದಾರೆ?

ಇನ್ನು ನಿದ್ದೆಯ ವಿಷಯ. ಮಾಸ್ ಸಿನಿಮಾ ಕ್ಷಣಕ್ಷಣಕ್ಕೂ ಏನು ನೋಡಬೇಕೆಂದು ತೋರಿಸಿಕೊಡುತ್ತದೆ. ಇನ್ನೊಂದು ಬಗೆಯ ಸಿನಿಮಾ ಹಾಗೆ ತೋರಿಸಿಕೊಡುವುದಿಲ್ಲ. ಒಂದು ಚೌಕಟ್ಟನ್ನು ನಮ್ಮ ಮುಂದೆ ಇಟ್ಟು ಕಾಯುತ್ತದೆ. ಅಂಗೈಯಗಲದ ಪರದೆಯಲ್ಲಿ ನಡುವೆ ಸಂದೇಶ ಬಂದಾಗ ಆ ಕಾಯುವಿಕೆ ಖಾಲಿಯಾಗಿ ಕಾಣುತ್ತದೆ, ನಿದ್ದೆ ಬಂದೇ ಬರುತ್ತದೆ.

ನಿಮಗೆ ನನ್ನ ಮೊದಲ ಸಲಹೆ 'ತಿಥಿ'. ಮೈಸೂರಿನಿಂದ ದೂರವೇನಿಲ್ಲ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ನಟಿಸಿದವರು ಆ ಭಾಗದ ಜನರೇ. ರಾಮ್ ರೆಡ್ಡಿ ನಿರ್ದೇಶನದ ಈ ಸಿನಿಮಾ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನೂರು ದಾಟಿದ ಅಜ್ಜ ಸತ್ತು ಅವನ ಹನ್ನೊಂದನೆಯ ದಿನದ ತಿಥಿಗೆ ಊರು ಅಣಿಯಾಗುವ ಕಥೆ. ನೀವು ನಗುತ್ತೀರಿ. ನಗುತ್ತಲೇ, ಯಾವ ಗಲಾಟೆಗೂ ತಲೆಕೆಡಿಸಿಕೊಳ್ಳದೆ ನಡೆದುಹೋಗುವ ಆ ಅಜ್ಜನ ಮಗ ಗಡ್ಡಪ್ಪನನ್ನು ನೋಡುತ್ತ ನೋಡುತ್ತ ನಿಮಗೆ ಆ ನಿಧಾನ ಅಭ್ಯಾಸವಾಗುತ್ತದೆ.

ಅದಾದ ಮೇಲೆ 'ಘಟಶ್ರಾದ್ಧ'. 1977ರದು, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಅನಂತಮೂರ್ತಿಯವರ ಕಥೆ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಹಳೆಯ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೇದಪಾಠಶಾಲೆಗೆ ಬಂದು ಸೇರುವ ನಾಣಿ ಎಂಬ ಹುಡುಗನ ಮೂಲಕ ಇಡೀ ಕಥೆ ನಮಗೆ ಸಿಗುತ್ತದೆ. ವಿಧವೆ ಯಮುನಕ್ಕ ಬಸುರಿಯಾಗಿದ್ದಾಳೆ, ಅವಳನ್ನು ಊರು ಹೊರಹಾಕಲಿದೆ. ಹುಡುಗನಿಗೆ ಅದೆಲ್ಲ ಅರ್ಧಂಬರ್ಧ ಗೊತ್ತು. ಅವಳು ತನ್ನನ್ನು ಅಕ್ಕರೆಯಿಂದ ನೋಡಿಕೊಳ್ಳುವುದು ಮಾತ್ರ ಪೂರ್ತಿ ಗೊತ್ತು. ಕಥೆಯನ್ನು ಅವಳ ತಂದೆಯ ಕಡೆಯಿಂದಲೋ ಊರಿನವರ ಕಡೆಯಿಂದಲೋ ಹೇಳಿದ್ದರೆ ನಾವು ಯಾರ ಜೊತೆ ಇರುತ್ತಿದ್ದೆವು? ಸಿನಿಮಾ ಮುಗಿದ ಮೇಲೆ ಇದೊಂದನ್ನು ಯೋಚಿಸಿ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆ ಎಷ್ಟಿದೆ, ಬಿ.ವಿ. ಕಾರಂತರ ಸಂಗೀತ ಎಲ್ಲಿ ಸುಮ್ಮನಾಗುತ್ತದೆ ಎನ್ನುವುದನ್ನು ಎರಡನೇ ಸಲ ನೋಡುವಾಗ ಗಮನಿಸಿದರೂ ಸಾಕು.

ಇಬ್ಬರು ಮೂವರು ಗೆಳೆಯರನ್ನು ಕರೆದುಕೊಳ್ಳಿ, ದೊಡ್ಡ ಪರದೆಯಿಲ್ಲದಿದ್ದರೆ ಟಿವಿಯಾದರೂ ಇರಲಿ, ದೀಪ ಆರಿಸಿ, ಫೋನುಗಳನ್ನೆಲ್ಲ ಪಕ್ಕದ ಕೋಣೆಯಲ್ಲಿಡಿ. ಆಮೇಲೂ ಬೇಸರವಾದರೆ ನನಗೆ ಬರೆಯಿರಿ. ಎಲ್ಲಿ ಬೇಸರವಾಯಿತು ಎಂದು ನಿರ್ದಿಷ್ಟವಾಗಿ ಬರೆಯಿರಿ, ಆ ಪತ್ರ ನನಗೆ ಬೇಕು.

ಪ್ರಶ್ನೆ: ಸಮಯ ಉಳಿಸಲು ವೆಬ್ ಸರಣಿಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತೇನೆ. ತಪ್ಪೇ?
— ಓದುಗರು, ಹುಬ್ಬಳ್ಳಿ

ಮಾಹಿತಿಯ ವಿಡಿಯೊ ಆದರೆ ನೋಡಿ. ಕಥೆಯಾದರೆ ಬೇಡ. ಒಂದು ಮಾತಿಗೂ ಅದರ ಉತ್ತರಕ್ಕೂ ನಡುವೆ ಎಷ್ಟು ಫ್ರೇಮ್, ಅಂದರೆ ಸೆಕೆಂಡಿಗೆ 24ರಂತೆ ಓಡುವ ಆ ಚಿತ್ರಗಳಲ್ಲಿ ಎಷ್ಟು, ಬಿಡಬೇಕು ಎಂದು ಎಡಿಟರ್ ಅರ್ಧ ದಿನ ಕೂತಿರುತ್ತಾರೆ. ಒಳ್ಳೆಯ ನಟ ನಟಿಯರ ಅಭಿನಯ ಬಹುಪಾಲು ಆ ಬಿಡುವಿನಲ್ಲೇ ಇರುವುದು. ವೇಗ ಹೆಚ್ಚಿಸದೆ ನೋಡಲಾಗದ ಸರಣಿಯನ್ನು ಅಲ್ಲಿಗೇ ಬಿಟ್ಟುಬಿಡಿ, ನಿಜವಾಗಿ ಸಮಯ ಉಳಿಯುವುದು ಹಾಗೆ.

ಪ್ರಶ್ನೆ: ನಿವೃತ್ತರಾದ ಮೇಲೆ ನಮ್ಮ ತಂದೆ ದಿನವಿಡೀ ಸುದ್ದಿವಾಹಿನಿಯ ಚರ್ಚೆ ನೋಡುತ್ತಾರೆ. ಊಟಕ್ಕೆ ಬಂದರೂ ಸಿಟ್ಟಿನಲ್ಲೇ ಇರುತ್ತಾರೆ. ಏನು ಮಾಡಲಿ?
— ಓದುಗರು, ತುಮಕೂರು

ನಿಮ್ಮ ಸಂಕಟ ಅರ್ಥವಾಗುತ್ತದೆ, ಇಂಥ ಪತ್ರಗಳು ಬಹಳ ಬರುತ್ತಿವೆ. ತಂದೆಯ ಅಭಿಪ್ರಾಯದ ಜೊತೆ ವಾದಕ್ಕಿಳಿಯಬೇಡಿ. ಅವರ ಎದುರಿಗಿರುವ ಪರದೆಯ ಬಗ್ಗೆ ಮಾತಾಡಿ.

ಪರದೆಯಲ್ಲಿ ಆರು ಕಿಟಕಿ, ಆರೂ ಜನ ಒಟ್ಟಿಗೆ ಕೂಗುತ್ತಿದ್ದಾರೆ. ಪಕ್ಕದಲ್ಲಿ ಒಂದು ದೃಶ್ಯ ಓಡುತ್ತಿದೆ. ಅದು ಎಷ್ಟು ಹೊತ್ತಿನದು ಎಂದು ಅಪ್ಪನ ಜೊತೆ ಎಣಿಸಿ. ಹೆಚ್ಚಿನ ಸಲ ಆರೇಳು ಸೆಕೆಂಡಿನ ತುಣುಕೇ ತಿರುತಿರುಗಿ ಬರುತ್ತಿರುತ್ತದೆ. ಒಮ್ಮೆ ಎಸೆದ ಕಲ್ಲು ನೂರು ಸಲ ಬಿದ್ದಂತೆ ಮನಸ್ಸಿಗೆ ನಾಟುತ್ತದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಫೈಲ್' ಎಂದಿದೆಯಾ ನೋಡಿ, ಇದ್ದರೆ ಅದು ಹಳೆಯ ದೃಶ್ಯ. ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದೆಯಾ ನೋಡಿ. ಇದ್ದರೆ ವಾಹಿನಿಗೇ ಆ ವಿಷಯ ಖಚಿತವಿಲ್ಲ ಎಂದರ್ಥ. ಸಾಮಾನ್ಯವಾಗಿ, ಪಾವಗಡದ ಒಂದು ಹಳ್ಳಿಗೆ ವರದಿಗಾರ, ಕ್ಯಾಮೆರಾ, ವಾಹನ ಕಳಿಸಿ ದಿನವಿಡೀ ಅಲ್ಲಿ ಇರಿಸುವುದಕ್ಕಿಂತ ನಾಲ್ವರನ್ನು ಸ್ಟುಡಿಯೊದಲ್ಲಿ ಕೂರಿಸಿ ಜಗಳ ಆಡಿಸುವುದು ಅಗ್ಗ. ಚರ್ಚೆಗಳು ಇಷ್ಟು ಹೆಚ್ಚಲು ಅದೊಂದು ದೊಡ್ಡ ಕಾರಣ.

ಟಿಆರ್‌ಪಿ, ಅಂದರೆ ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ, ಹೇಗೆ ಬರುತ್ತದೆ ಎಂದೂ ಅವರಿಗೆ ಹೇಳಿ. ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಹೆಚ್ಚು. ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ. ವಾಹಿನಿಯ ಧ್ವನಿಯಲ್ಲಿ ನಮಗೆ ಕೇಳಿಸದ ಒಂದು ಗುರುತು ಸೇರಿರುತ್ತದೆ, ಮೀಟರ್ ಅದನ್ನು ಹಿಡಿದು ಲೆಕ್ಕ ಕಳಿಸುತ್ತದೆ. ಆ ಲೆಕ್ಕದ ಮೇಲೆ ಜಾಹೀರಾತಿನ ದರ. 2020ರ ಅಕ್ಟೋಬರಿನಲ್ಲಿ ಟಿಆರ್‌ಪಿ ತಿರುಚಿದ ಆರೋಪ ಬಂದ ಮೇಲೆ ಸುದ್ದಿವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನೇ ನಿಲ್ಲಿಸಿ, 2022ರ ಮಾರ್ಚಿನಲ್ಲಿ ಮತ್ತೆ ಶುರುಮಾಡಿದರು. ದುಡಿದು ಲೆಕ್ಕ ಇಟ್ಟು ಬದುಕಿದ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ: ತಮ್ಮ ಸಿಟ್ಟಿಗೆ ಯಾರೋ ಬೆಲೆ ಕಟ್ಟುತ್ತಿದ್ದಾರೆ ಎಂದು.

ಬೆಳಿಗ್ಗೆ ಪತ್ರಿಕೆ ಬಂದಾಗ ನಿನ್ನೆ ರಾತ್ರಿಯ ಚರ್ಚೆಯ ವಿಷಯ ಅದರಲ್ಲಿ ಎಷ್ಟು ಸಾಲು ಇದೆ ಎಂದು ಇಬ್ಬರೂ ಹುಡುಕಿ. ಇನ್ನೊಂದು ಮಾತು, ಅವರಿಗೆ ಸಂಜೆ ಮಾತಾಡಲು ಯಾರಿದ್ದಾರೆ? ಟಿವಿ ಆರಿಸಿದ ಮೇಲೆ ಆ ಹೊತ್ತನ್ನು ತುಂಬಲು ನೀವು ಇರಬೇಕಾಗುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಯಾವ ಸಿನಿಮಾ ತೋರಿಸಬಹುದು ಎಂದು ಸರ್ಟಿಫಿಕೇಟ್ ನೋಡಿ ತಿಳಿಯಬಹುದೇ?
— ಓದುಗರು, ಬೆಂಗಳೂರು

ಸ್ವಲ್ಪ ಮಟ್ಟಿಗೆ. ಮಕ್ಕಳಿಗೆ ತೋರಿಸುವ ಮೊದಲು ದೊಡ್ಡವರು ಯೋಚಿಸಬೇಕಾದ ಸಿನಿಮಾಗಳಿಗೆ ಮೊದಲು ಒಂದೇ ಯುಎ ಇತ್ತು. 2023ರ ಕಾಯ್ದೆ ತಿದ್ದುಪಡಿಯ ನಂತರ ಅದನ್ನು ಯುಎ 7+, 13+, 16+ ಎಂದು ಮೂರು ಮಾಡಿದ್ದಾರೆ. ಆ ವಯಸ್ಸಿಗಿಂತ ಚಿಕ್ಕವರು ನೋಡಬಹುದೇ ಎಂಬ ತೀರ್ಮಾನ ತಂದೆತಾಯಿಯದು. ಆದರೆ ಸರ್ಟಿಫಿಕೇಟ್ ನಿಮ್ಮ ಮಗನಿಗೆ ನಾಯಿಯೊಂದು ಸಾಯುವ ದೃಶ್ಯ ತಡೆದುಕೊಳ್ಳಲಾಗದು ಎಂದು ಹೇಳುವುದಿಲ್ಲ. ಜೊತೆಗೆ ಕೂತು ನೋಡಿ, ಹೆದರಿದಾಗ ನಿಲ್ಲಿಸಿ, ಏನು ಕಂಡು ಹೆದರಿಕೆಯಾಯಿತು ಎಂದು ಕೇಳಿ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕ. ಒಂಬತ್ತನೇ ತರಗತಿಯ ಮಕ್ಕಳಿಗೆ ಸಿನಿಮಾ, ಟಿವಿ ನೋಡುವುದನ್ನು ಕಲಿಸುವ ಆಸೆ. ನಮ್ಮಲ್ಲಿ ಪ್ರೊಜೆಕ್ಟರ್ ಇಲ್ಲ, ನನ್ನ ಮೊಬೈಲ್ ಒಂದೇ. ಸಾಧ್ಯವೇ?
— ಶಿಕ್ಷಕರು, ಸಿಂಧನೂರು

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಸಾಧ್ಯ, ಮೊಬೈಲ್ ಒಂದೇ ಸಾಕು.

ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಎಂಬಾತ ಒಂದು ಪ್ರಯೋಗ ಮಾಡಿದ. ಮೊಸ್ಜೂಖಿನ್ ಎಂಬ ನಟನ ಭಾವವಿಲ್ಲದ ಮುಖವನ್ನು ತೆಗೆದುಕೊಂಡು, ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಹೀಗೆ ಬೇರೆ ಬೇರೆ ಚಿತ್ರ ಜೋಡಿಸಿದ. ನೋಡಿದವರು ಅವನ ಹಸಿವನ್ನೂ ದುಃಖವನ್ನೂ ಹೊಗಳಿದರಂತೆ. ಮುಖ ಮಾತ್ರ ಅದೇ. ಕುಲೆಶೊವ್‌ನ ಶಿಷ್ಯ ಪುಡೋವ್ಕಿನ್ ಬರೆದಿಟ್ಟದ್ದರಿಂದ ಈ ಕಥೆ ಉಳಿದಿದೆ.

ಇದನ್ನೇ ನಿಮ್ಮ ತರಗತಿಯಲ್ಲಿ ಮಾಡಿ. ಒಬ್ಬ ವಿದ್ಯಾರ್ಥಿಯ ಮುಖವನ್ನು ಐದು ಸೆಕೆಂಡು ಚಿತ್ರೀಕರಿಸಿ, ಏನೂ ನಟಿಸಬಾರದು. ಆಮೇಲೆ ಬಿಸಿಯೂಟದ ತಟ್ಟೆ, ಖಾಲಿ ಬೆಂಚು, ಗೇಟಿನ ಹೊರಗೆ ನಿಂತ ಬಸ್ಸು, ಭತ್ತದ ಗದ್ದೆ. ಉಚಿತ ಆ್ಯಪ್‌ನಲ್ಲಿ ಒಂದೊಂದನ್ನೂ ಅದೇ ಮುಖದ ಜೊತೆ ಜೋಡಿಸಿ. ತರಗತಿಯನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಜೋಡಣೆ ತೋರಿಸಿ. "ಅವನು ಏನು ಯೋಚನೆ ಮಾಡ್ತಿದ್ದಾನೆ?" ಎಂದು ಬರೆಸಿ. ನಾಲ್ಕೂ ಗುಂಪಿನ ಉತ್ತರ ಓದಿದ ಮೇಲೆ ಮುಖ ಒಂದೇ ಎಂದು ತೋರಿಸಿ. ಶಿವಮೊಗ್ಗದಲ್ಲಿ ಮಕ್ಕಳ ಜೊತೆ ಇದನ್ನು ಮಾಡಿದಾಗ ಕೋಣೆಯಲ್ಲಿ ಎದ್ದ ಗದ್ದಲ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಮೋಸ ಎಂದು ಕೆಲವರು, ಇಲ್ಲ ನಾವೇ ಹಾಗೆ ಅಂದುಕೊಂಡೆವು ಎಂದು ಕೆಲವರು. ಎರಡೂ ಸರಿ, ಆ ವಾದ ನಡೆಯಲಿ ಬಿಡಿ.

ಹಳ್ಳಿಯವರಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಹೆಗ್ಗೋಡಿನ ಹೆಸರು ಹೇಳಿ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಆ ಊರಿನಲ್ಲಿ ಜಗತ್ತಿನ ದೊಡ್ಡ ಸಿನಿಮಾಗಳನ್ನು ತೋರಿಸಿದರು. ಬೇರೆ ಭಾಷೆಯ ಚಿತ್ರ ರೈತರಿಗೆ ಅರ್ಥವಾಗುವುದಿಲ್ಲ ಎಂಬ ಮಾತಿಗೆ ಅಲ್ಲಿಗೆ ಬಂದು ಕೂತ ಜನರೇ ಉತ್ತರ ಕೊಟ್ಟರು.

ಎರಡನೇ ವಾರ ಒಂದು ಜಾಹೀರಾತು ತೆಗೆದುಕೊಳ್ಳಿ, ಮೂವತ್ತು ಸೆಕೆಂಡಿನದು. ಅದರಲ್ಲಿ ಎಷ್ಟು ಕಟ್ ಇವೆ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಎಷ್ಟು ಸಲ ಬರುತ್ತದೆ ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತ ಎಣಿಸಲಿ. ಬಟ್ಟೆ ಒಗೆಯುವವರು ಯಾರು, ಸಲಹೆ ಕೊಡುವ ದನಿ ಗಂಡಸಿನದೋ ಹೆಂಗಸಿನದೋ, ಆ ಮನೆಯ ನೆಲ ಯಾವ ತರಹದ್ದು ಎಂದು ಕೇಳಿ. ಮೂರನೇ ವಾರ ಅವರೇ ಶಾಲೆಯ ನೀರಿನ ತೊಟ್ಟಿಯ ಬಗ್ಗೆ ಒಂದು ನಿಮಿಷದ ಚಿತ್ರ ಮಾಡಲಿ. ಎರಡು ಗುಂಪು, ಒಂದೇ ತೊಟ್ಟಿ: ಒಂದು ಗುಂಪು ಶಾಲೆ ಚೆನ್ನಾಗಿದೆ ಎಂದು ಕಾಣುವ ಹಾಗೆ, ಇನ್ನೊಂದು ಚೆನ್ನಾಗಿಲ್ಲ ಎಂದು ಕಾಣುವ ಹಾಗೆ. ಸುಳ್ಳು ದೃಶ್ಯ ಒಂದೂ ಇರಬಾರದು. ಯಾವುದನ್ನು ಚೌಕಟ್ಟಿನ ಹೊರಗೆ ಬಿಟ್ಟಿರಿ ಎಂದು ಒಬ್ಬರನ್ನೊಬ್ಬರು ಕೇಳಲಿ.

ಇದಕ್ಕೆ ಅಂಕ ಮಾತ್ರ ಕೊಡಬೇಡಿ. ಅಂಕ ಬಂದ ಕೂಡಲೇ ಮಕ್ಕಳು ಚಿತ್ರ ಬಿಟ್ಟು ನಿಮ್ಮ ಮುಖ ನೋಡತೊಡಗುತ್ತಾರೆ, ಸಾರ್‌ಗೆ ಯಾವ ಉತ್ತರ ಬೇಕು ಎಂದು. ಅವರು ಮಾಡಿದ ಎರಡೂ ಚಿತ್ರಗಳನ್ನು ನನಗೆ ಕಳಿಸಿಕೊಡಿ. ನಮ್ಮ ಶಿವಮೊಗ್ಗದ ಗುಂಪಿನಲ್ಲಿ ಹಾಕಿ ನೋಡುತ್ತೇವೆ, ನಮಗೆ ಬಂದ ಪ್ರಶ್ನೆಗಳನ್ನು ನಿಮ್ಮ ಮಕ್ಕಳಿಗೆ ಬರೆದು ಕಳಿಸುತ್ತೇವೆ.